ಅಪ್ಪ ತಂದ ಗಟ್ಟಿ ಶಾಕಪ್ಸರ್

ಬೀದರಿನಿಂದ ಚಿಂತಾಕಿಗೆ ಹೋಗಿ ಬಂದವರು ಮರುದಿನವೆಲ್ಲ ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದ ಕಾಲವದು. ದಾರಿ ಕೆಟ್ಟದ್ದು, ನಮ್ಮ ಕಾರು ಅದಕ್ಕಿಂತ ಕೆಟ್ಟದ್ದು. ಅಪ್ಪ ಯಾರಿಂದಲೋ ಕೊಂಡು ತಂದಿದ್ದ ಆ ಹಳೆಯ ಡಬ್ಬಾದಲ್ಲಿ ಕೂತರೆ ಸಣ್ಣ ತಗ್ಗಿಗೂ ತಲೆ ಮೇಲಕ್ಕೆ ಬಡಿಯುತ್ತಿತ್ತು. ಆದರೂ ಸ್ವಂತ ಗಾಡಿಯೆಂಬ ಜಂಬ ಅವನಿಗೆ.

ಆ ವರ್ಷ ಅಕ್ಕ ಚಿಂತಾಕಿಯಲ್ಲಿ, ಗಂಡನ ಮನೆಯಲ್ಲಿ, ಏಳು ತಿಂಗಳ ಬಸುರಿ. ಹಿಂದಿನ ಸಲ ಬಸಿರು ನಿಂತಿರಲಿಲ್ಲ. ಕುಬಸ, ಅಂದರೆ ಸೀಮಂತ, ಮುಗಿಸಿ ಹೆರಿಗೆಗೆ ಅವಳನ್ನು ತವರಿಗೆ ಕರೆತರಬೇಕಿತ್ತು. ಅವಳ ಅತ್ತೆ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ನಿಮ್ಮ ಆ ಗಾಡ್ಯಾಗ ನಮ್ಮ ಸೊಸೀನ್ನ ಕಳಸಂಗಿಲ್ರಿ. ಹೆರಿಗಿ ಇಲ್ಲೇ ಆಗ್ಲಿ."

ಅವ್ವ ಅವತ್ತು ಉಣ್ಣಲಿಲ್ಲ. "ಬ್ಯಾರೆ ಗಾಡಿ ಬಾಡಿಗಿ ಹಿಡೀರಿ" ಎಂದಳು.

"ಸ್ವಂತ ಗಾಡಿ ಇಟ್ಕೊಂಡು ಮಗಳನ್ನ ಬಾಡಿಗಿ ಗಾಡ್ಯಾಗ ತರ್ಲೇನು? ತಗ್ಗಿನ ಹೊಡ್ತ ತಡಿಯೂ ಶಾಕಪ್ಸರ್ ಬದಲಿ ಮಾಡಿದ್ರ ಆತು. ನಾಕು ನಟ್ಟಿನ ಕೆಲಸ, ನಾನೇ ಮಾಡ್ತೇನಿ."

ಆ ನಾಕು ನಟ್ಟು ನಮ್ಮ ಮನೆಯವರ ತಲೆ ತಿಂದವು. ನಾನು ಮತ್ತು ಓಣಿಯ ಹುಡುಗಿಯರು ಕುಂಟಾಟಕ್ಕೆ ಗೆರೆ ಎಳೆದಿದ್ದ ಅಂಗಳದ ನಟ್ಟನಡುವೆ ಕಾರು ಬಂದು ನಿಂತಿತು. ಜ್ಯಾಕ್ ಏರಿಸಿ, ಕೆಳಗೆ ಕಲ್ಲು ಕೊಟ್ಟು, ಅಪ್ಪ ಗಾಲಿ ಬಿಚ್ಚಿದ. ಜಂಗು ಹಿಡಿದ ನಟ್ಟುಗಳು ಅಲ್ಲಾಡಲಿಲ್ಲ. ಚಿಮಣಿ ಎಣ್ಣೆ ಸುರಿದ, ಬಡಿದ, ಬೈದ. ಬಿಚ್ಚಿದವನ್ನು ನೆನೆಹಾಕಲು ಅವ್ವ ಹಿಟ್ಟು ನಾದುವ ಪರಾತವನ್ನೇ ಎತ್ತಿಕೊಂಡು ಬಂದಿದ್ದ! ಒಳಗೆ ಕುಬಸದ ಬುತ್ತಿಗೆಂದು ಕರ್ಚಿಕಾಯಿ ಕರಿಯುತ್ತಿದ್ದರೆ, ಹೊರಗಿನ ಎಣ್ಣೆಯ ವಾಸನೆ ಅದಕ್ಕೂ ಹತ್ತಿತು. ನನಗೆ ಸಿಟ್ಟೋ ಸಿಟ್ಟು. ಆಟವೂ ಹೋಯಿತು, ಕರ್ಚಿಕಾಯಿಯ ರುಚಿಯೂ ಹೋಯಿತು.

ಪಕ್ಕದ ಮನೆಯ ಖಾಲಾ ಗೋಡೆಯ ಮೇಲಿಂದ ಇಣುಕಿದರು. "ಭಾಯಿಸಾಬ್, ಬಿಚ್ಚೋದು ಭಾಳ ಛಂದ ಆತ್ರಿ. ಜೋಡ್ಸೋದು ಯಾವಾಗ?"

"ಇವತ್ತೇ ರೀ ಖಾಲಾ" ಎಂದು ಅಪ್ಪ ಕಾರಿನ ಕೆಳಗಿನಿಂದಲೇ ಕೂಗಿದ. ಅದನ್ನೇ ಅವನು ಹಿಂದಿನ ದಿನವೂ ಹೇಳಿದ್ದ.

ಹೊಸ ಶಾಕಪ್ಸರುಗಳು ನನ್ನ ತೋಳಿಗಿಂತ ದಪ್ಪ ಇದ್ದವು. ಜೊತೆಗೆ ಹಿಂದಿನ ಗಾಲಿಗಳಿಗೆ ಕಬ್ಬಿಣದ ಕಮಾನುಪಟ್ಟಿ ಬೇರೆ. "ಅಂಗಡ್ಯಾವ ಮೆತ್ತಗಿಂದು ತೋರ್ಸಿದ್ದ, ನಾ ಬ್ಯಾಡಂದೆ" ಎಂದು ಅಪ್ಪ ಹೆಮ್ಮೆಪಟ್ಟ. "ಔರಾದ್ ದಾರಿಗಿ ಮಂದಿ ತುಂಬ್ಕೊಂಡು ಓಡಸ್ತಾರಲ್ಲ, ಆ ಗಾಡಿಗೋಳಿಗಿ ಹಾಕೂವು ಇವು. ಗಟ್ಟಿ ಮಾಲು!" ಗಟ್ಟಿಯಿದ್ದದ್ದೆಲ್ಲ ಒಳ್ಳೆಯದೇ ಎಂದು ನಂಬಿದ ಮನುಷ್ಯನಿಗೆ ಏನು ಹೇಳುವುದು?

ಎಲ್ಲ ಜೋಡಿಸಿ ಇಳಿಸಿದಾಗ ಕಾರು ನೀರಿಗೆ ಬಗ್ಗಿದ ಎಮ್ಮೆಯ ಹಾಗೆ ಹಿಂಭಾಗ ಎತ್ತಿಕೊಂಡು ನಿಂತಿತು. ಪರೀಕ್ಷೆಗೆಂದು ಅಪ್ಪ, ಕೈಗೆ ಒಂದು ತಂಬಿಗೆ ಮಜ್ಜಿಗೆ ಕೊಟ್ಟು ಅವ್ವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಜನವಾಡದವರೆಗೆ ಹೋಗಿ ಬಂದ. ಇಳಿಯುವಾಗ ಮಜ್ಜಿಗೆಯೆಲ್ಲ ಅವ್ವನ ಸೀರೆಯ ಮೇಲಿತ್ತು.

"ಮೊದ್ಲು ಬರೇ ತೂಗ್ತಿತ್ತು. ಈಗ ಎತ್ತಿ ಒಗೀತದ! ಇದ್ರಾಗ ನನ್ನ ಮಗಳ್ನ ಹ್ಯಾಂಗ ಕುಂಡರ್ಸ್ಲಿ?"

ಮರುದಿನವೇ ಕುಬಸ. ಬದಲಾಯಿಸಲು ಹೊತ್ತಿರಲಿಲ್ಲ. "ಮಗಳು ಬರೂದಂತೂ ಆಗಲಿಲ್ಲ, ಕುಬಸನಾದ್ರೂ ಮಾಡಿ ಬರೂಣು" ಎಂದು ಅವ್ವ ಕೈಚೆಲ್ಲಿದಳು. ಬರುವಾಗ ಅಕ್ಕನಿಗೆ ಜಾಗ ಬಿಡಬೇಕಾಗಿಲ್ಲ ಎಂದಾದ ಮೇಲೆ ಎಲ್ಲರೂ ಹೊರಟರು. ನಾವು ಆಯಿ ಎಂದು ಕರೆಯುವ ನಮ್ಮಜ್ಜಿ, ಇಬ್ಬರು ಚಿಕ್ಕಮ್ಮಂದಿರು, ಖಾಲಾ, ಅವರ ತೊಡೆಯ ಮೇಲೆ ನಾನು, ಬುತ್ತಿಯ ಬುಟ್ಟಿಗಳು. ಉಸಿರಾಡಲು ಜಾಗವಿರಲಿಲ್ಲ.

ಜನವಾಡ ದಾಟಿತು. ಯಾರ ತಲೆಯೂ ಬಡಿಯಲಿಲ್ಲ. ತಗ್ಗು ಬಂದಾಗ ಕಾರು ಮೆಲ್ಲಗೆ ಇಳಿದು ಮೆಲ್ಲಗೆ ಏರಿತು. ಆಯಿ ಗೊರಕೆ ಹೊಡೆಯತೊಡಗಿದಳು.

ಅವ್ವನೇ ಮೊದಲು ಬಾಯಿಬಿಟ್ಟಳು. "ಅಯ್ಯ, ಭಾರ ಬಿದ್ಮ್ಯಾಲೆ ಮೆತ್ತಗಾಗ್ಯದಲ್ರಿ!"

"ಮತ್ತ? ಮಂದಿ ತುಂಬೂ ಗಾಡಿದಂತ ನಾ ಮೊದ್ಲೇ ಹೇಳಿಲ್ಲೇನು" ಎಂದ ಅಪ್ಪ. ಇಂಥ ಮಾತಿಗೇ ನಮಗೆ ಮೈಯುರಿಯುತ್ತಿದ್ದದ್ದು.

ಚಿಂತಾಕಿಯಲ್ಲಿ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಅಪ್ಪ ಹೊಸ ಶಾಕಪ್ಸರಿನ ಗುಣಗಾನ ಶುರುಮಾಡಿದ. ಅವಳ ಅತ್ತೆ ನಂಬಲಿಲ್ಲ. ನೀರು ತುಂಬಿದ ತಂಬಿಗೆ ಹಿಡಿದು ಬಂದರು. "ಮೊದ್ಲು ನಾ ಕುಂತು ನೋಡ್ತೇನ್ರಿ."

ಅವರಿಗೆ ಜಾಗ ಬಿಡಲು ಹೆಂಗಸರು ಇಳಿಯಹೋದರು.

"ಯಾರೂ ಇಳೀಬ್ಯಾಡ್ರಿ!" ಅಪ್ಪನ ಕೂಗಿಗೆ ಮಲಗಿದ್ದ ಆಯಿ ಎಚ್ಚೆತ್ತಳು.

ಉರಿಬಿಸಿಲಲ್ಲಿ ನಮ್ಮ ನಡುವೆ ಬೀಗತಿಯೂ ತುರುಕಿಕೊಂಡರು. ಊರಿಗೊಂದು ಸುತ್ತು ಬಂದೆವು. ಅವರು ಇಳಿದು ತಂಬಿಗೆ ನೋಡಿದರು, ಹನಿ ನೀರೂ ಬೀಳದ ತಮ್ಮ ಸೆರಗು ನೋಡಿದರು. "ಕರ್ಕೊಂಡು ಹೋಗ್ರಿ" ಎಂದರು. ಬಾಗಿಲಲ್ಲಿದ್ದ ಅಕ್ಕ ಅತ್ತುಬಿಟ್ಟಳು.

ಕುಬಸ ಮುಗಿದು ಸಂಜೆಗೆ ಬುಟ್ಟಿಗಳು ಖಾಲಿಯಾಗಿದ್ದವು. ಭಾರ ಕಡಿಮೆ ಬಿದ್ದೀತೆಂದು ಅಪ್ಪ ಬೀಗರಿಂದ ಒಂದು ಚೀಲ ಜೋಳ ಕೇಳಿ ಹೇರಿಸಿಕೊಂಡ. ಅಕ್ಕ ಅವ್ವನ ಭುಜಕ್ಕೆ ಒರಗಿ ಮನೆ ಮುಟ್ಟುವವರೆಗೂ ನಿದ್ದೆ ಮಾಡಿದಳು. ಹೆಣ್ಣು ಹುಟ್ಟಿತು, ಗಟ್ಟಿಮುಟ್ಟಾಗಿ. ಅದರ ಶ್ರೇಯಸ್ಸೂ ಶಾಕಪ್ಸರಿಗೇ ಸೇರಬೇಕೆಂದು ಅಪ್ಪ ಕೊನೆಯ ತನಕ ವಾದಿಸಿದ.

ಈಗ ದಾರಿ ಸಪಾಟಾಗಿದೆ. ನನ್ನ ಕಾರಿನಲ್ಲಿ ತಂಬಿಗೆಯ ನೀರು ಅಲುಗುವುದಿಲ್ಲ. ಮೊನ್ನೆ ಅಕ್ಕನ ಮನೆಗೆ ಹೊರಟಾಗ, ಬರ್ತೀರೇನು ಎಂದು ಎಲ್ಲರನ್ನೂ ಕೇಳಿದೆ. ಅವ್ವನಿಗೆ ಮೊಣಕಾಲು ನೋವು. ಒಬ್ಬ ಚಿಕ್ಕಮ್ಮನಿಗೆ ಕೆಲಸ, ಇನ್ನೊಬ್ಬಳು ವಿಡಿಯೋ ಕಾಲ್ ಮಾಡು ಎಂದಳು. ಖಾಲಾ ಮಗನ ಜೊತೆ ಭಾಲ್ಕಿಗೆ ಹೋಗಿಬಿಟ್ಟಿದ್ದಾರೆ. ಅಪ್ಪ, ಆಯಿ ಇಲ್ಲ. ಒಬ್ಬಳೇ ಹೋಗಿ ಬಂದೆ.

ಹೊರಡುವಾಗ ಅಕ್ಕ ಒಂದು ಸಣ್ಣ ಚೀಲ ಜೋಳ ತಂದು ಪಕ್ಕದ ಸೀಟಿನಲ್ಲಿಟ್ಟಳು. ಮನುಷ್ಯರು ಕೂತಿದ್ದಾರೆಂದೇ ತಿಳಿದು, ಬೆಲ್ಟ್ ಹಾಕಿಸು ಎಂದು ಕಾರು ದಾರಿಯುದ್ದಕ್ಕೂ ಪೀಂ ಪೀಂ ಬಡಿದುಕೊಂಡಿತು. ಬೈದೆ, ಕೇಳಲಿಲ್ಲ. ಜನವಾಡದ ಹತ್ತಿರ ತಡೆಯಲಾರದೆ ನಿಲ್ಲಿಸಿದೆ. ಚೀಲವನ್ನು ಇಳಿಸಿ ಹಿಂದಿಡಬಹುದಿತ್ತು, ಮನಸ್ಸು ಬರಲಿಲ್ಲ. ಅದಕ್ಕೆ ಬೆಲ್ಟ್ ಹಾಕಿ ಮನೆಗೆ ಕರೆತಂದೆ.