ಸಂಡೂರಿನ ಕೆಂಪು ಮಾಳಿಗೆ

ಹೊಸಪೇಟೆಯ ನಮ್ಮ ಬೀದಿಯಲ್ಲಿ ಯಾರೋ ಮಾಳಿಗೆಗೆ, ಅಂದರೆ ಮನೆಯ ಮೇಲಿನ ತಾರಸಿಗೆ, ಸುಣ್ಣ ಬಳಿಸುತ್ತಿದ್ದಾರೆ. ಹಸಿ ಸುಣ್ಣದ ವಾಸನೆ ಕಿಟಕಿಯಿಂದ ಒಳಬಂದರೆ ಸಾಕು, ನನಗೆ ಸ್ವಲ್ಪ ನಾಚಿಕೆಯಾಗುತ್ತದೆ. ಸುಣ್ಣಕ್ಕೆ ನಾಚುವ ಮನುಷ್ಯನನ್ನು ನೀವು ಕಂಡಿರಲಿಕ್ಕಿಲ್ಲ. ಕುಳಿತುಕೊಳ್ಳಿ, ಹೇಳುತ್ತೇನೆ.

ನಾವು ಸಂಡೂರಿನಲ್ಲಿದ್ದಾಗಿನ ಮಾತು. ಅದಿರಿನ ಲಾರಿಗಳು ಓಡಾಡುವ ರಸ್ತೆಯ ಪಕ್ಕದಲ್ಲೇ ಮನೆ. ಅಲ್ಲಿ ಬಿಳಿ ಬಣ್ಣ ಒಂದು ವಾರ ಉಳಿದರೆ ಹೆಚ್ಚು. ಅಂಗಿ, ಗೋಡೆ, ಹಿತ್ತಲಿನ ಕರಿಬೇವು ಎಲ್ಲವೂ ಕೆಂಪು. ಹಾಗಾಗಿ ಅಲ್ಲಿಯವರು ಒಂದು ಜಾಣತನ ಕಲಿತಿದ್ದರು: ಧೂಳು ಕಾಣಬಾರದೆಂದರೆ ಧೂಳಿನ ಬಣ್ಣವನ್ನೇ ಗೋಡೆಗೆ ಹಚ್ಚಿಬಿಡುವುದು. ನಾನು ಒಂದು ಹೆಜ್ಜೆ ಮುಂದೆ ಹೋಗಿ ಮಾಳಿಗೆಗೂ ಗಾಢ ಕೆಂಪು ಬಳಿಸಿದೆ. ಬೀದಿಯಿಂದ ಯಾರಿಗೂ ಕಾಣದ ಮಾಳಿಗೆ! ಆದರೂ ಮನೆಗೆ ಬಂದವರನ್ನೆಲ್ಲ ಮೆಟ್ಟಿಲು ಹತ್ತಿಸಿ ತೋರಿಸುತ್ತಿದ್ದೆ.

ಆ ಮಾಳಿಗೆಯ ಕೆಳಗಿನ ಕೋಣೆ ಅಕ್ಕನದು. ಭಾವ ತೀರಿಕೊಂಡ ಮೇಲೆ ಅಕ್ಕ ಕಂಪ್ಲಿಯಿಂದ ನಮ್ಮಲ್ಲಿಗೆ ಬಂದಿದ್ದಳು. ಬಂದ ತಿಂಗಳಲ್ಲೇ ನೆರೆಹೊರೆಯ ಮಕ್ಕಳನ್ನು ಸೇರಿಸಿಕೊಂಡು ಗಣಿತ ಹೇಳಿಕೊಡಲು ಶುರು ಮಾಡಿದಳು. ತಮ್ಮನ ಮನೆಯಲ್ಲಿ ಸುಮ್ಮನೆ ಕುಳಿತು ಉಣ್ಣಬಾರದೆಂಬ ಹಟ ಅವಳದು. ತನ್ನದು ಎಂದು ಅವಳಿಗೆ ಉಳಿದಿದ್ದುದು ಆ ಪಾಠ ಒಂದೇ.

ಯುಗಾದಿ ದಾಟಿದ್ದೇ ತಡ, ಕೋಣೆ ಕಾದ ಹಂಚಾಯಿತು. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಬಡಿಸುತ್ತಿತ್ತು. ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟು, ಕೊನೆಗೆ ಇಬ್ಬರು ಉಳಿದರು. ಅವರೂ ನೋಟ್‌ಬುಕ್ಕಿನಿಂದ ಗಾಳಿ ಬೀಸಿಕೊಳ್ಳುವುದರಲ್ಲೇ ಇರುತ್ತಿದ್ದರು. ಅಕ್ಕನ ಮಾತು ಕಡಿಮೆಯಾಯಿತು. ಎರಡನೇ ರೊಟ್ಟಿ ಹಾಕಿಸಿಕೊಳ್ಳುವುದನ್ನೂ ಬಿಟ್ಟಳು.

ನಾನೋ, ಮನೆಯ ಕರೆಂಟಿನ ಕಾವಲುಗಾರ. ಯಾರಾದರೂ ದೀಪ ಆರಿಸದೆ ಎದ್ದರೆ ಹಿಂದೆಯೇ ಹೋಗಿ ಸ್ವಿಚ್ಚು ಒತ್ತಿ ಉಪದೇಶ ಮಾಡುವವನು. ಅಂಥವನೇ ಒಂದು ದಿನ ಕರುಣೆ ಉಕ್ಕಿ, “ಅಕ್ಕಾ, ನಿನ್ ಕ್ವಾಣಿಗೆ ಒಂದು ಎಸಿ ಹಾಕಿಸ್ತೀನಿ” ಎಂದೆ.

“ಬ್ಯಾಡ ತಮ್ಮಾ. ನೀ ಬಿಲ್ ಕಟ್ಟಿದ್ರ ಅದು ನನ್ ಪಾಠ ಹೆಂಗಾತು?” ಎಂದವಳು ಸ್ವಲ್ಪ ಹಿಂಜರಿದು, “ಮಾಳಿಗಿಗೆ ಸುಣ್ಣ ಬಳೀಲೇನು? ಕಂಪ್ಲ್ಯಾಗ ಬ್ಯಾಸಿಗಿಗೆ ಬಳೀತಿದ್ವಿ” ಎಂದಳು.

“ಎಂಟ್ ದಿನಕ್ಕ ಕೆಂಪಾಗ್ತೈತಿ ಅಕ್ಕಾ. ಮಂದಿ ನಗ್ತಾರ.”

“ಕೆಂಪಾದ್ರ ತೊಳೀತೀನಿ. ಮಂದಿ ಏನು ಮಾಳಿಗಿ ಮ್ಯಾಲ ಕುಂದ್ರಾಕ ಬರ್ತಾರೇನು?”

ಸುಣ್ಣಕ್ಕೆ ಅನ್ನದ ಗಂಜಿ ಬೆರೆಸಿ, ಪೊರಕೆಯಿಂದ ಎರಡು ಸಲ ಅವಳೇ ಬಳಿದಳು. ಪಡುವಣ ಕಿಟಕಿಗೆ ಹೊರಗಿನಿಂದ ಗೋಣಿತಟ್ಟು ಇಳಿಬಿಟ್ಟಳು. ಬಿಸಿಲೇರುವ ಮುಂಚೆ ಕಿಟಕಿ ಮುಚ್ಚುವುದು, ಸಂಜೆ ತಂಪಾದ ಮೇಲೆ ತೆರೆಯುವುದು. ಇಷ್ಟೇ. ನಾಲ್ಕನೇ ದಿನ ನಡುಮಧ್ಯಾಹ್ನ ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ಕುಳಿತೆ. ಫ್ಯಾನು ಒಂದನೇ ನಂಬರಿನಲ್ಲಿ ತಿರುಗುತ್ತಿತ್ತು, ಸಾಕಾಗಿತ್ತು. ಅಕ್ಕ ದಿನವೂ ಬೆಳಿಗ್ಗೆ ಮಾಳಿಗೆಯ ಧೂಳು ಗುಡಿಸುತ್ತಿದ್ದಳು. ಬಿಟ್ಟ ಮಕ್ಕಳು ಮೆಲ್ಲಗೆ ಮರಳಿದರು.

“ನನ್ನ ಕೆಂಪು ಬಣ್ಣ ಬಿಸಿಲು ಹೀರಿ ಮನಿ ಕಾಯಾಕ ಹತ್ತೈತಿ ಅಂತ ನಿನಗ ಮೊದ್ಲ ಗೊತ್ತಿತ್ತೇನು?” ಎಂದು ಕೇಳಿದೆ.

“ಬಂದ ದಿನಾನ ಗೊತ್ತಾತು. ನಿನ್ ಮನಿ, ನೀ ಪ್ರೀತಿಲೇ ಹಚ್ಚಿಸಿದ ಬಣ್ಣ. ನಾ ಹೆಂಗ ಬ್ಯಾಡ ಅನ್ಲಿ?”

ಆ ಮಾತು ನನಗೆ ಬಹಳ ನೋವು ಕೊಟ್ಟಿತು. ಅಕ್ಕ ತವರಿನಲ್ಲಿದ್ದಾಳೆಂದು ನಾನು ತಿಳಿದಿದ್ದೆ. ಅವಳು ಅಷ್ಟು ದಿನವೂ ನೆಂಟರ ಮನೆಯಲ್ಲಿದ್ದಂತೆ ಇದ್ದಳು. ಸ್ವಿಚ್ಚು ಸ್ವಿಚ್ಚಿಗೂ ಉಪದೇಶ ಕೇಳುವ ಮನೆಯಲ್ಲಿ ಯಾರು ತಾನೇ ಬಾಯಿ ಬಿಟ್ಟಾರು? ಅಂದಿನಿಂದ ನಾನು ಉಪದೇಶ ಕಡಿಮೆ ಮಾಡಿದೆ. ಪೂರ್ತಿ ಬಿಟ್ಟೆ ಎಂದರೆ ನನ್ನ ಹೆಂಡತಿ ನಗುತ್ತಾಳೆ.

ಈಗ ಹೊಸಪೇಟೆಯ ಈ ಮನೆಗೆ ಬಂದಿದ್ದೇವೆ. ಅಕ್ಕ ಜೊತೆಗೇ ಬಂದಿದ್ದಾಳೆ, ಅವಳ ಪಾಠವೂ. ಇವತ್ತು ನಾನು ಪೇಟೆಗೆ ಹೋಗಿ ಬರುವಷ್ಟರಲ್ಲಿ ನನ್ನ ಪುಸ್ತಕದ ಬೀರು ಇದ್ದ ಜಾಗದಲ್ಲಿ ಇರಲಿಲ್ಲ. ಯಾರೋ ಅದನ್ನು ಮೂಲೆಗೆ ದಬ್ಬಿದ್ದರು, ಪುಸ್ತಕಗಳೆಲ್ಲ ಅಡ್ಡಾದಿಡ್ಡಿ.

“ಇದನ್ನ ಯಾರು ಸರಿಸಿದ್ರು?” ಎಂದು ದನಿ ಏರಿಸಿದೆ.

“ನಾನ. ಗಾಳಿಗೆ ಅಡ್ಡಾಗಿತ್ತು” ಎಂದಳು ಅಕ್ಕ, ಬೇಳೆ ಆರಿಸುತ್ತ. ತಲೆ ಕೂಡ ಎತ್ತಲಿಲ್ಲ.

ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ತನ್ನದೇ ಮನೆಯಲ್ಲಿ ಯಾರು ತಾನೇ ಕೇಳುತ್ತಾರೆ? ಪುಸ್ತಕ ಜೋಡಿಸುತ್ತ ಕುಳಿತವನಿಗೆ ಆ ಸಂತೋಷ ಇನ್ನೂ ಇಳಿದಿಲ್ಲ.