ಒಂದೇ ಬಾಗಿಲು, ಎರಡು ಮೀಟರ್

ಕೊಲ್ಲಿ ನಾಡಿನ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ರೋಕ್‌ನ ಕೆಲಸ ಮಾಪಕಗಳನ್ನು ಪರೀಕ್ಷಿಸುವುದು. ಒತ್ತಡವನ್ನೋ ಬಿಸಿಯನ್ನೋ ತೋರಿಸುವ ಯಾವ ಮುಳ್ಳನ್ನೂ ಇನ್ನೊಂದರ ಜೊತೆ ತಾಳೆ ನೋಡದೆ ಅವನು ನಂಬುವವನಲ್ಲ. ಮಗಳಿಗೆ ಜ್ವರ ಬಂದರೆ ಎರಡೆರಡು ಥರ್ಮಾಮೀಟರ್ ಇಡುತ್ತಾನೆಂದು ಹೆಂಡತಿ ಒಲಿಂಡಾ ನೆಂಟರಿಗೆಲ್ಲ ಹೇಳಿ ನಗುತ್ತಿದ್ದಳು.

ಅವರ ಮನೆ ರಿಗ್ಗೈಯ ಒಂದು ಹಳೆಯ ಕಟ್ಟಡದಲ್ಲಿತ್ತು. ಎರಡು ಕೋಣೆಗಳಲ್ಲಿ ಒಂದು ಅವರಿಗೆ, ಇನ್ನೊಂದು ಪುತ್ತೂರಿನ ಯಶೋಧರ, ಅವನ ಹೆಂಡತಿ ಚಿನ್ಮಯಿ ಮತ್ತು ಅವರ ಪುಟ್ಟ ಮಗುವಿಗೆ. ಹಾಲ್ ಮತ್ತು ಅಡುಗೆಮನೆ ಇಬ್ಬರಿಗೂ. ಇದಕ್ಕೆ ಅಲ್ಲಿನ ನಮ್ಮವರು ಶೇರಿಂಗ್ ಎನ್ನುತ್ತಾರೆ. ಹೆಂಡತಿ ಮಗಳನ್ನು ಜೊತೆಗಿಟ್ಟುಕೊಳ್ಳಲು ರೋಕ್‌ನಂಥ ಸಂಬಳದವನಿಗೆ ಇದ್ದದ್ದು ಅದೊಂದೇ ದಾರಿ. ಯಶೋಧರ ಮನೆ ಬಿಟ್ಟು ಹೊರಟನೆಂದರೆ ಒಲಿಂಡಾ ಮತ್ತು ಮಗಳು ಊರಿಗೆ, ರೋಕ್ ಕಂಪನಿಯ ಕೆಲಸಗಾರರ ಕ್ಯಾಂಪಿಗೆ. ಹಾಗಾಗಿ ನಾಲ್ಕು ವರ್ಷದಿಂದ ಎರಡು ಸಂಸಾರಗಳೂ ಒಬ್ಬರ ಮೀನಿನ ವಾಸನೆಯನ್ನು, ಇನ್ನೊಬ್ಬರ ಬೆಳಗಿನ ಪೂಜೆಯ ಗಂಟೆಯ ಸದ್ದನ್ನು ಸಹಿಸಿಕೊಂಡು ಚೆನ್ನಾಗಿಯೇ ಇದ್ದವು.

೨೦೧೭ರ ಬೇಸಗೆಯ ಕೊನೆಗೆ ಫ್ಲಾಟುಗಳ ಕರೆಂಟಿನ ದರ ಏರಿತು. ಅಲ್ಲಿಯವರೆಗೆ ಅದು ಬಾಡಿಗೆಯಲ್ಲೇ ಸೇರಿತ್ತು. ಇನ್ನು ಮೇಲೆ ಬೇರೆ ಕೊಡಬೇಕೆಂದು ಕಟ್ಟಡದ ಮಾಲೀಕ ಕಾವಲುಗಾರನಿಂದ ಹೇಳಿಕಳಿಸಿದ.

ಒಲಿಂಡಾ ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದಳು. "ನಾವು ಮೂವರೂ ಬೆಳಿಗ್ಗೆ ಹೋದರೆ ಬರುವುದು ಸಂಜೆ. ಚಿನ್ಮಯಿ ಮಗುವನ್ನಿಟ್ಟುಕೊಂಡು ಇಡೀ ದಿನ ಎ.ಸಿ. ಹಾಕ್ತಾಳೆ. ತಪ್ಪು ಅಂತಲ್ಲ. ಆದರೆ ಅರ್ಧರ್ಧ ಹೇಗಾಗ್ತದೆ ಹೇಳಿ," ಎಂದಳು ಗಂಡನ ಬಳಿ.

ರೋಕ್‌ಗೆ ಅದು ಜಗಳವಾಗಿ ಕಾಣಲಿಲ್ಲ, ಅಳತೆಯ ಪ್ರಶ್ನೆಯಾಗಿ ಕಂಡಿತು. ಅಳೆದರೆ ಮುಗಿಯಿತು, ಮನಸ್ಸಿನಲ್ಲಿ ಯಾರಿಗೂ ಕಹಿ ಉಳಿಯುವುದಿಲ್ಲ. ಎರಡು ಸಣ್ಣ ಮೀಟರ್ ತಂದು ಶುಕ್ರವಾರ ಊಟವಾದ ಮೇಲೆ ಯಶೋಧರನ ಮುಂದಿಟ್ಟ.

"ಹಾಲ್, ಫ್ರಿಜ್, ನೀರಿನ ಹೀಟರ್, ಇವು ಬಳಸಲಿ ಬಿಡಲಿ ಅರ್ಧರ್ಧ. ಕೋಣೆಯ ಎ.ಸಿ. ಮಾತ್ರ ಅವರವರ ಮೀಟರಿನಂತೆ."

ಯಶೋಧರ ಮೀಟರನ್ನು ತಿರುಗಿಸಿ ನೋಡಿ ನಕ್ಕ. "ಲಂಡನಿನಲ್ಲಿ ನನ್ನ ಭಾವ ಇದ್ದಾನಲ್ಲ ಅಣ್ಣ, ಅಲ್ಲಿ ಕರೆಂಟಿಗೆ ಕಂಪನಿಗಳು ಹತ್ತಾರು. ವರ್ಷ ವರ್ಷ ದರ ನೋಡಿ ಬದಲಾಯಿಸ್ತಾನಂತೆ. ಆದರೆ ಯಾವ ಕಂಪನಿಗೆ ಹೋದರೂ, ಒಂದು ಬಲ್ಬು ಉರಿಸದಿದ್ದರೂ, ದಿನದ ಬಾಡಿಗೆ ಅಂತ ಕಟ್ಟಲೇಬೇಕಂತೆ."

"ಅದು ತಂತಿ ಎಳೆದದ್ದಕ್ಕೆ ಮಾರಾಯ. ನಮ್ಮ ಹಾಲ್ ಇದ್ದ ಹಾಗೆ."

"ಇಲ್ಲಿ ಸರ್ಕಾರದ್ದು ಒಂದೇ ತಂತಿ. ಬದಲಾಯಿಸುವುದಾದರೆ ಹೆಂಡತಿಯನ್ನೇ ಬದಲಾಯಿಸಬೇಕು."

"ಅದಕ್ಕೂ ದಿನದ ಬಾಡಿಗೆ ಉಂಟು, ನೆನಪಿರಲಿ," ಎಂದು ಅಡುಗೆಮನೆಯಿಂದ ಚಿನ್ಮಯಿಯ ಸ್ವರ ಬಂತು. ಎಲ್ಲರೂ ನಕ್ಕರು. ಸಂಜೆಯೊಳಗೆ ಮೀಟರುಗಳು ಗೋಡೆ ಹತ್ತಿದವು.

ಸೆಪ್ಟೆಂಬರ್ ಕಳೆಯುತ್ತ ಬಂದರೂ ಸೆಕೆ ಇಳಿಯಲಿಲ್ಲ. ಯಶೋಧರನ ಮೀಟರು ಬಹಳ ನಿಧಾನವಾಗಿ ಓಡುತ್ತಿತ್ತು. ಅಳತೆ ಬಂದರೆ ಜನ ತಾವಾಗಿಯೇ ಹಿಡಿತ ಕಲಿಯುತ್ತಾರೆ ಎಂದು ರೋಕ್‌ಗೆ ಒಳಗೊಳಗೇ ಸಮಾಧಾನ. ಮೀಟರು ಸರಿ ಉಂಟೋ ಎಂದು ಒಮ್ಮೆ ಪರೀಕ್ಷಿಸಿಯೂ ನೋಡಿದ. ಸರಿಯಿತ್ತು.

ಒಂದು ದಿನ ಧೂಳುಗಾಳಿ ಎದ್ದು ಹೊರಗಿನ ಕೆಲಸ ನಿಂತಿತು. ರೋಕ್ ಮಧ್ಯಾಹ್ನವೇ ಮನೆಗೆ ಬಂದ. ಬಾಗಿಲು ತೆರೆದರೆ ಒಳಗೆ ಹೊರಗಿನಷ್ಟೇ ಸೆಕೆ. ಚಿನ್ಮಯಿ ಬಚ್ಚಲಿನ ಹೊಸ್ತಿಲ ಬಳಿ, ನೀರು ಚೆಲ್ಲಿದ ಟೈಲ್ಸಿನ ಮೇಲೆ ಕೂತಿದ್ದಳು. ಮಗು ಒದ್ದೆ ಮಾಡಿ ಹಾಸಿದ ಬೈರಾಸಿನ ಮೇಲೆ ಮಲಗಿತ್ತು. ಅದರ ಕುತ್ತಿಗೆ, ಬೆನ್ನು ಎಲ್ಲ ಕೆಂಪು ಬೆವರುಸಾಲೆ. ಅಳುವ ಶಕ್ತಿಯೂ ಇಲ್ಲದೆ ನರಳುತ್ತಿತ್ತು.

"ಕೋಣೆಯ ಎ.ಸಿ. ಹಾಳಾಗಿದೆಯಾ?"

"ಇಲ್ಲ ಅಣ್ಣ. ಸಂಜೆ ಇವರು ಬಂದ ಮೇಲೆ ಹಾಕ್ತೇನೆ."

"ಹಾಗಾದರೆ ಹಾಲ್‌ನದ್ದಾದರೂ ಹಾಕಬಹುದಿತ್ತಲ್ಲ? ಅದು ಹೇಗಿದ್ದರೂ ಅರ್ಧರ್ಧ."

ಚಿನ್ಮಯಿ ಎದ್ದು ಸೆರಗು ಸರಿಮಾಡಿಕೊಂಡಳು. "ಅದಕ್ಕೇ ಹಾಕಲಿಲ್ಲ. ಹಗಲು ನೀವು ಯಾರೂ ಇರುವುದಿಲ್ಲ. ನಾನೊಬ್ಬಳು ಹಾಕಿಕೊಂಡರೆ ಅರ್ಧ ನಿಮ್ಮ ಮೇಲೆ ಬೀಳ್ತದಲ್ವಾ."

ಅವಳ ಮಾತಿನಲ್ಲಿ ಕುಟುಕು ಇರಲಿಲ್ಲ. ರೋಕ್ ಹಾಲ್‌ನ ಎ.ಸಿ. ಹಾಕಿ, ಮಗುವನ್ನು ಅದರ ಕೆಳಗೆ ಎತ್ತಿಕೊಂಡು ನಿಂತ. ಧೂಳಿನ ಬಟ್ಟೆಯಲ್ಲೇ ಇದ್ದೇನೆಂದು ಬಹಳ ಹೊತ್ತಿನ ಮೇಲೆ ನೆನಪಾಯಿತು.

ಸಂಜೆ ಒಲಿಂಡಾ ಎಲ್ಲ ಕೇಳಿದಳು. ಆಮೇಲೆ, "ನಾನು ಹೇಳಿದ್ದು ತಪ್ಪಾ?" ಎಂದಳು.

"ತಪ್ಪಲ್ಲ. ನನ್ನ ಮೀಟರೂ ಸರಿಯೇ ಇತ್ತು," ಎಂದ ರೋಕ್.

ಆ ಶುಕ್ರವಾರ ಅವನು ಸ್ಕ್ರೂಡ್ರೈವರ್ ಹಿಡಿದು ಸ್ಟೂಲ್ ಹತ್ತಿದಾಗ ಯಶೋಧರ ಬಂದು ನಿಂತ.

"ಅದು ಇರಲಿ ಅಣ್ಣ. ನಮಗೆ ರುಮೈಥಿಯಾದಲ್ಲಿ ಒಂದು ಕೋಣೆ ಸಿಕ್ಕಿದೆ. ಸಣ್ಣದು, ಬಾಡಿಗೆ ಸ್ವಲ್ಪ ಜಾಸ್ತಿ. ಆದರೆ ಕರೆಂಟು ಅದರಲ್ಲೇ ಸೇರಿದೆ."

"ಇದನ್ನು ತೆಗೀತಾ ಇದ್ದೇನಲ್ಲ ಯಶೋಧರ. ಮೊದಲಿನ ಹಾಗೇ ಇರುವ."

"ನೀವು ತೆಗೆದರೂ ಅವಳು ಸ್ವಿಚ್ಚಿಗೆ ಕೈ ಹಾಕುವುದಿಲ್ಲ. ನಿಮ್ಮ ಮೇಲೆ ಸಿಟ್ಟಿಲ್ಲ. ಹಾಕುವಾಗೆಲ್ಲ ಲೆಕ್ಕ ನೆನಪಾಗ್ತದಂತೆ."

ರೋಕ್ ಸ್ಟೂಲಿನ ಮೇಲೆಯೇ ನಿಂತು ಉಳಿದ ಸ್ಕ್ರೂಗಳನ್ನೂ ಬಿಚ್ಚಿದ.

ಅವರು ಕೋಣೆ ಖಾಲಿ ಮಾಡಿ ಹೋದ ಮೇಲೆ ಅವನು ಕಿರಾಣಿ ಅಂಗಡಿಯ ಬೋರ್ಡಿಗೆ ಅಂಟಿಸಲು ಚೀಟಿ ಬರೆಯಲು ಕೂತ. ಮಂಗಳೂರು ಕಡೆಯ ಸಂಸಾರಕ್ಕೆ ಒಂದು ಕೋಣೆ, ಅಡುಗೆಮನೆ ಜೊತೆಯಲ್ಲಿ. ಕರೆಂಟು ಎಂದು ಬರೆದು ಪೆನ್ನು ನಿಂತಿತು. ಕೊನೆಗೆ, ಬಾಡಿಗೆಯಲ್ಲೇ ಸೇರಿದೆ ಎಂದು ಬರೆದ. ತಿಂಗಳ ಕೊನೆಯೊಳಗೆ ಯಾರೂ ಬರದಿದ್ದರೆ ಮಗಳ ಶಾಲೆಗೆ ಹೋಗಿ ಟಿ.ಸಿ. ಕೇಳಬೇಕು.

ಮರುದಿನ ಬೆಳಿಗ್ಗೆ ಯಾರೋ ಫೋನ್ ಮಾಡಿ, ಸಂಜೆ ಕೋಣೆ ನೋಡಲು ಬರುತ್ತೇವೆಂದರು. ಒಲಿಂಡಾ ಕ್ಲಿನಿಕ್ಕಿಗೆ ಹೊರಟವಳು ಬಾಗಿಲಲ್ಲಿ ನಿಂತಳು.

"ಆ ಕೋಣೆಯ ಎ.ಸಿ. ಈಗಲೇ ಹಾಕಿಡಿ. ನೋಡಲು ಬಂದವರಿಗೆ ಸೆಕೆ ಅನಿಸಬಾರದು."

ರೋಕ್ ಹೋಗಿ ಸ್ವಿಚ್ ಒತ್ತಿದ. ಖಾಲಿ ಕೋಣೆಯಲ್ಲಿ ಅದು ಇಡೀ ದಿನ ಓಡಿತು.