ಮೆಣಸಿನ ಚಪ್ಪರಕ್ಕೆ ಎಳೆದ ತಂತಿ

ಟ್ರಾಯ್ಚೆ ಒಳ್ಳೆಯವನೇ, ಆದರೆ ಒಂದು ತುಂಡು ತಂತಿಯನ್ನೂ ಎಸೆಯಲಾರ. ಸ್ತ್ರುಮಿತ್ಸಾ ಊರಿನಲ್ಲಿ ಟೆಲಿಫೋನ್ ಕಂಬ ಹತ್ತಿ ಇಳಿಯುವುದರಲ್ಲೇ ಆಯುಷ್ಯ ಕಳೆದವನು. ನಿವೃತ್ತಿಯ ದಿನ ಉಳಿದವರು ಗೋಡೆಗಡಿಯಾರ ಹೊತ್ತು ಮನೆಗೆ ಹೋದರೆ, ಇವನು ಯಾರಿಗೂ ಬೇಡವಾದ ತಂತಿಯ ಸುರುಳಿಗಳನ್ನು ಕೇಳಿ ತಂದಿದ್ದ.

ಹೆಂಡತಿ ವೆಲಿಕಾಗೆ ಚಿಕ್ಕಂದಿನ ಜ್ವರದಲ್ಲೇ ಕಿವಿ ಹೋಗಿತ್ತು. ತುಟಿ ನೋಡಿ ಮಾತು ತಿಳಿಯುತ್ತಾಳೆ; ಉತ್ತರವನ್ನು ಮಾತ್ರ ಬೀದಿಗೆಲ್ಲ ಕೇಳುವಂತೆ ಕೊಡುತ್ತಾಳೆ. ಹಿತ್ತಿಲ ತುದಿಯ ಪ್ಲಾಸ್ಟಿಕ್ ಚಪ್ಪರದಲ್ಲಿ ಅವಳ ಕೆಂಪು ಮೆಣಸಿನ ಗಿಡಗಳಿದ್ದವು. ಚಳಿಗಾಲದಲ್ಲಿ ಗಂಡನ ಎದೆ ಒಮ್ಮೆ ಕೈಕೊಟ್ಟ ಮೇಲೆ ಅವಳು ಗಿಡಗಳ ನಡುವಿನಿಂದ ಎದ್ದೆದ್ದು ಬಂದು, ಅವನಿಗೆ ಉಸಿರಿದೆಯೇ ಎಂದು ಇಣುಕಿ ಹೋಗುತ್ತಿದ್ದಳು. ಮಂಡಿನೋವಿನವಳು, ಪಾಪ. ಆ ಓಡಾಟ ನೋಡಲಾರದೆ ಟ್ರಾಯ್ಚೆ ಒಂದು ಉಪಾಯ ಹೂಡಿದ: ಮನೆಯಲ್ಲೊಂದು ಒತ್ತುಗುಂಡಿ, ಚಪ್ಪರದಲ್ಲಿ ಬೆರಳುಗಾತ್ರದ ಚಿಪ್, ಅದಕ್ಕೊಂದು ದೀಪ. ಎದೆ ನೊಂದಾಗ ಇವನು ಗುಂಡಿ ಒತ್ತಿದರೆ ಅಲ್ಲಿ ದೀಪ ಮಿಟುಕಿ ಅವಳನ್ನು ಕರೆಯಬೇಕು. ಚಪ್ಪರದಲ್ಲಿ ಕರೆಂಟಿಲ್ಲ. ಹಾಗಾಗಿ ಮೊಬೈಲ್ ಚಾರ್ಜರಿನ ಐದು ವೋಲ್ಟನ್ನು ಮನೆಯಿಂದಲೇ ತನ್ನ ಹಳೆಯ ತಂತಿಯಲ್ಲಿ ಕಳಿಸಿದ.

ಗುಂಡಿ ಒತ್ತಿದರೆ ದೀಪ ಒಮ್ಮೆ ಮಿಣಕ್ಕೆಂದು ಆರಿತು. ಸುಮ್ಮನಿದ್ದಾಗ ಗಟ್ಟಿಯಾಗಿದ್ದ ಚಿಪ್, ದೀಪ ಹೊತ್ತಿಸುವ ಹೊತ್ತಿಗೇ ಮೂರ್ಛೆ ಬೀಳುತ್ತಿತ್ತು.

ಬೇಲಿಯಾಚೆ ನೆರೆಯ ಸ್ಟಾಮೆನ್ ನಕ್ಕ. "ನಿನಗಿಂತ ಮುಂಚೆ ಅದೇ ಸಾಯ್ತಿದೆಯಲ್ಲೋ! ದಪ್ಪ ತಂತಿ ತಗೋ, ಜಿಪುಣ."

"ನನ್ನ ತಂತಿಗೇನಾಗಿದೆ? ಊರಿನ ಮದುವೆ ಮಾತುಕತೆಯೆಲ್ಲ ಇದರಲ್ಲೇ ನಡೆದಿದ್ದು!"

"ಮಾತಿಗೆ ತೂಕ ಇರಲ್ಲಪ್ಪ, ದೀಪಕ್ಕಿರುತ್ತೆ."

ಮೀಟರು ಹಿಡಿದು ನೋಡಿದರೆ, ದೀಪ ಹೊತ್ತುವಾಗ ತುದಿಗೆ ಮುಟ್ಟುತ್ತಿದ್ದದ್ದು ಮೂರು ವೋಲ್ಟೂ ಅಲ್ಲ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಉಳಿದದ್ದನ್ನು ತೆಳು ತಂತಿಯ ಉದ್ದವೇ ನುಂಗುತ್ತಿತ್ತು. ಆದರೂ ಹೊಸ ತಂತಿ ತರಲಿಲ್ಲ, ಹಟಮಾರಿ. ಮನೆಯಿಂದ ಇಪ್ಪತ್ತನಾಲ್ಕು ವೋಲ್ಟ್ ಕಳಿಸಿ, ಚಿಪ್ಪಿನ ಪಕ್ಕದಲ್ಲೇ ಅದನ್ನು ಐದಕ್ಕಿಳಿಸುವ ಪುಟ್ಟ ಸರ್ಕ್ಯೂಟ್ ಹಲಗೆ ಕೂರಿಸಿದ. ವೋಲ್ಟ್ ಹೆಚ್ಚಿದರೆ ಅಷ್ಟೇ ಕೆಲಸಕ್ಕೆ ಹರಿಯಬೇಕಾದ ಕರೆಂಟು ಕಡಿಮೆ. ದಾರಿಯಲ್ಲಿ ಸೋರುವುದೂ ಕಡಿಮೆ. ದೀಪ ಹಗಲಲ್ಲೂ ಕಣ್ಣು ಕುಕ್ಕುವಂತೆ ಮಿಟುಕಿತು.

"ಇನ್ನು ನೀನು ಬರಬೇಡ ಕಣೇ. ಬೇಕಾದ್ರೆ ದೀಪಾನೇ ಕರೆಯುತ್ತೆ," ಎಂದ.

ಅವಳು ಬರಲಿಲ್ಲ. ಮರುದಿನವೂ ಬರಲಿಲ್ಲ. ಮಂಡಿಗೆ ವಿಶ್ರಾಂತಿ ಸಿಕ್ಕಿತು ಎಂದು ಟ್ರಾಯ್ಚೆ ಹಿಗ್ಗಬೇಕಿತ್ತು. ಆದರೆ ಮನೆ ಬಿಕೋ ಎನ್ನುತ್ತಿತ್ತು. ಮಧ್ಯಾಹ್ನ ತಡೆಯಲಾರದೆ ಗುಂಡಿ ಒತ್ತಿಬಿಟ್ಟ.

ಬುಟ್ಟಿ ಚೆಲ್ಲಿ, ಅವರೆ ಸಾಲುಗಳನ್ನು ತುಳಿದುಕೊಂಡೇ ಅವಳು ಓಡಿ ಬರುವುದು ಕಿಟಕಿಯಲ್ಲಿ ಕಂಡಾಗ ಅವನಿಗೆ ನಾಚಿಕೆಯಿಂದ ನೆಲ ಬಿರಿಯಬಾರದೆ ಅನಿಸಿತು. ವೆಲಿಕಾ ಬಂದವಳೇ ಅವನ ಎದೆಗೆ ಅಂಗೈ ಒತ್ತಿದಳು.

"ಎಲ್ಲಿ ನೋವು?"

"ನೋವಿಲ್ಲ. ನೀನು ಬರ್ಲೇ ಇಲ್ವಲ್ಲ, ಅದಕ್ಕೆ..."

"ಬರಬೇಡ ಅಂದೋನು ನೀನೇ!" ಬೀದಿಗೆಲ್ಲ ಕೇಳಿಸಿತು. ಅಂಗೈ ಮಾತ್ರ ಕದಲಲಿಲ್ಲ. "ಎರಡು ದಿನದಿಂದ ಒಂದು ಕಾಯಿ ಕಿತ್ತಿಲ್ಲ ನಾನು, ಆ ದೀಪಾನೇ ನೋಡ್ತಾ ಕೂತಿದ್ದೀನಿ. ಅದು ಆರಿದೆ ಅಂದ್ರೆ ನೀನು ಚೆನ್ನಾಗಿದ್ದೀಯ ಅಂತಾನೋ, ಗುಂಡಿ ಒತ್ತೋಕೂ ಆಗ್ದೆ ಬಿದ್ದಿದ್ದೀಯ ಅಂತಾನೋ? ಹೇಳು, ನಂಗೆ ಹೇಗೆ ಗೊತ್ತಾಗ್ಬೇಕು?"

ಮಾರನೆಯ ಬೆಳಿಗ್ಗೆ ಟ್ರಾಯ್ಚೆ ಕುರ್ಚಿ ಹೊತ್ತುಕೊಂಡು ಚಪ್ಪರಕ್ಕೆ ಹೋಗಿ, ಅವಳ ಕಣ್ಣಿಗೆ ಬೀಳುವ ಕಡೆ ಕೂತ.